ಗೋಡೆಗೆ ಕೊಟ್ಟ ಮಾತು

"ಗೋಡೆ ಒಳಗಿಂದ ಬಡಿಯೋ ಸದ್ದು ಬಂದ್ರೆ ತಿರುಗಿ ಬಡೀಬೇಡಿ ತಾಯಿ. ಕೈ ಮುಗೀತೀನಿ," ಎಂದಳು ದೀಪದಜ್ಜಿ.

ಅಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ನಕ್ಕಳು. "ಯಾಕಜ್ಜಿ, ದೆವ್ವಕ್ಕೆ ಬೇಜಾರಾಗುತ್ತಾ?"

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಅಕ್ಕ, ಮುಚ್ಚಿಹೋದ ಈ ತಾಮ್ರದ ಗಣಿಯನ್ನು ಮ್ಯೂಸಿಯಂ ಮಾಡುವ ಕೆಲಸಕ್ಕೆ ಬಂದವಳು. ಫೋಟೊ ತೆಗೆಯಲು ತಂಗಿಯನ್ನೂ ಕರೆತಂದಿದ್ದಳು. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಸಲಹಿದವಳು ಅವಳೇ. ಹಾಗಾಗಿ ಅಕ್ಕನ ಮಾತೆಂದರೆ ತಂಗಿಗೆ ವೇದವಾಕ್ಯ. ಗಣಿಯ ದೀಪ ಒರೆಸುತ್ತಲೇ ತಲೆ ನರೆತ ಅಜ್ಜಿ ಮಾತ್ರ ಯಾರಿಗೂ ಸೊಪ್ಪು ಹಾಕುವವಳಲ್ಲ.

ಅಜ್ಜಿ ಹೇಳಿದ್ದಿಷ್ಟು. ಬಂಡೆ ಕುಸಿದು ಸಿಕ್ಕಿಬಿದ್ದವರು ಸುತ್ತಿಗೆಯಿಂದ ಕಲ್ಲು ಬಡಿಯುತ್ತಾರೆ. ಈಚೆಯವರು ತಿರುಗಿ ಬಡಿದರೆ ಅದು ಮಾತು ಕೊಟ್ಟಂತೆ: ಕೇಳಿಸಿತು, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಹಿಂದೊಮ್ಮೆ ಹೀಗೆ ಮಾತು ಕೊಟ್ಟ ಧಣಿಯ ಕಡೆಯವರು, ಒಳಗೆ ಬೆಂಕಿ ಹಬ್ಬಿದ್ದು ಗೊತ್ತಾದದ್ದೇ ತಡ, ಬದುಕಿದ್ದವರನ್ನು ಒಳಗೇ ಬಿಟ್ಟು ಗೋಡೆ ಕಟ್ಟಿಬಿಟ್ಟರು. ಒಳಗಿದ್ದವನೊಬ್ಬನ ಹೆಂಡತಿ ತನ್ನ ಕೂದಲು ಕತ್ತರಿಸಿ, ಗಂಡನ ಅಂಗಿಯಲ್ಲಿ ಸುತ್ತಿ, ನೆತ್ತರು ಹನಿಸಿ, ಹಸಿ ಗಾರೆಯೊಳಗೆ ತುರುಕಿದಳು. ಮಾತು ಕೊಟ್ಟು ಬೆನ್ನು ತಿರುಗಿಸಿದವರು ಅವನ ಪಕ್ಕದಲ್ಲೇ ಕೊಳೆಯಲಿ ಎಂದು ಮಾಟ ಮಾಡಿದಳು.

"ಒಳ್ಳೇ ಕತೆ ಅಜ್ಜಿ. ಬೋರ್ಡಲ್ಲಿ ಬರೆಸೋಣ," ಎಂದಳು ಅಕ್ಕ.

ಮಟಮಟ ಮಧ್ಯಾಹ್ನದಲ್ಲೂ ಸುರಂಗದೊಳಗೆ ಕತ್ತಲು ಜಗ್ಗದೆ ಕೂತಿತ್ತು. ಕೊಳೆತ ಮರದ ವಾಸನೆ. ನಾಲಿಗೆಯ ಮೇಲೆ ಹಳೇ ನಾಣ್ಯ ಚೀಪಿದಂಥ ರುಚಿ. ಬಂಡೆಯಿಂದ ಹಸಿರು ನೀರು ಒಸರುತ್ತಿತ್ತು. ಕ್ಯಾಮೆರಾದ ಲೆನ್ಸ್ ಬದಲಿಸಲೆಂದು ತಂಗಿ ಹಿಂದಿನ ತಿರುವಿನಲ್ಲೇ ನಿಂತಳು. ಗಾರೆ ಮೆತ್ತಿದ ನುಣುಪು ಗೋಡೆಯ ಮುಂದೆ ಅಕ್ಕ ಒಬ್ಬಳೇ.

ಠಕ್. ಠಕ್. ಠಕ್.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಹೆದರಿದೆನೆಂದು ಒಪ್ಪಿಕೊಂಡರೆ ಓದಿದವಳ ಮರ್ಯಾದೆ ಏನಾಗಬೇಕು? ಮ್ಯೂಸಿಯಮ್ಮಿಗೆಂದು ದಾರಿಯಲ್ಲಿ ಎತ್ತಿಕೊಂಡಿದ್ದ ಹಳೇ ಸುತ್ತಿಗೆಯಿಂದ ಹಾಗೆಯೇ ಮೂರು ಸಲ ತಿರುಗಿ ಬಡಿದಳು. ಒಳಗಿನ ಸದ್ದು ನಿಂತುಹೋಯಿತು.

"ನೋಡಿದ್ಯೇನೇ, ದೆವ್ವಕ್ಕೆ ಸಮಾಧಾನ ಆಯ್ತು!" ಎಂದು ತಂಗಿಗೆ ಕೂಗಿ, ಬಂದ ದಾರಿಗೆ ತಿರುಗಿದಳು.

ನಡೆದಳು. ಗೋಡೆ ಎದುರಾಯಿತು. ದಾರಿ ತಪ್ಪಿತೇನೋ ಎಂದು ಹಿಂದಿರುಗಿದಳು. ಮತ್ತೆ ಗೋಡೆ. ತಲೆಯ ದೀಪ ಮಿಣುಕಿ ಆರಿತು. ಕೈ ಚಾಚಿ ಮುಟ್ಟಿದಳು. ನುಣುಪು ಗಾರೆ ಇಲ್ಲ. ಒರಟು ಕಲ್ಲು. ಕಲ್ಲಿನ ತುಂಬ ಗೀರಿದ ಗುರುತು. ಗೀರಿನಲ್ಲಿ ಮುರಿದ ಉಗುರು. ಇದು ಗೋಡೆಯ ಒಳಮೈ. ಅವಳು ಒಳಗಿದ್ದಳು.

"ಅಕ್ಕಾ! ಎಲ್ಲಿದ್ದೀಯೇ?" ಕಲ್ಲಿನಾಚೆಯಿಂದ ತಂಗಿಯ ದನಿ.

ಅಕ್ಕ ಕಿರುಚಿದಳು. ದನಿ ಹೊರಡಲಿಲ್ಲ. ಬಾಯಿ ತೆರೆದಷ್ಟೂ ಬೂದಿ. ಸುತ್ತಿಗೆ ಎತ್ತಿ ಬಡಿದಳು. ತೋಳು ಸೋಲುವವರೆಗೆ ಬಡಿದಳು.

ಸುರಂಗದ ಬಾಯಲ್ಲೇ ಉಳಿದಿದ್ದ ಅಜ್ಜಿ ಆಚೆ ಏದುಸಿರು ಬಿಡುತ್ತ ಓಡಿ ಬಂದದ್ದು ಕೇಳಿಸಿತು.

"ಅಜ್ಜೀ, ಅದು ನಮ್ಮಕ್ಕ! ಅವಳೇ ಬಡೀತಿರೋದು!"

"ಇರಬಹುದು ಮಗಾ. ನೀನು ಬಡಿದ್ರೆ ನೀನೂ ಒಳಗೆ. ಬಿಡಿಸ್ತೀವಿ ಅಂತ ಬಡಿದೋರು ಎಷ್ಟೋ ಜನ. ಆ ಗೋಡೆ ಯಾರಿಗೂ ಒಡೀಲಿಲ್ಲ, ಸೋತು ಬೆನ್ನು ತಿರುಗಿಸಿದ್ದೇ ತಡ ಅವರೂ ಒಳಗೆ ಹೋದ್ರು. ಬಾ, ಹೋಗೋಣ."

ಅಕ್ಕನ ಕೈ ಎತ್ತಿದಲ್ಲೇ ನಿಂತಿತು. ಇನ್ನೊಂದು ಬಡಿತಕ್ಕೆ ತಂಗಿ ತಡೆದುಕೊಳ್ಳುವವಳಲ್ಲ. ಎತ್ತಿ ಆಡಿಸಿದ ಮಗು, ಅಷ್ಟು ಗೊತ್ತಿಲ್ಲವೇ? ಹೊರಗೆ ಹೋಗುವ ಆಸೆ ಬಿಟ್ಟಿರಲಿಲ್ಲ. ಆದರೂ ಸುತ್ತಿಗೆಯನ್ನು ಸದ್ದಾಗದಂತೆ ನೆಲಕ್ಕಿಟ್ಟಳು. ಹೋಗು ಕಂದಾ. ಹೋಗಿಬಿಡು.

ಅಳು ದೂರವಾಯಿತು. ಹೆಜ್ಜೆಗಳೂ ದೂರವಾದವು. ಅಕ್ಕ ಉಸಿರು ಬಿಟ್ಟಳು.

ಪಕ್ಕದಲ್ಲಿ ಇನ್ಯಾರೋ ಉಸಿರು ಬಿಟ್ಟರು.

ಸುಟ್ಟ ಬಟ್ಟೆಯ ನಾತ. ನೆಲದಿಂದ ಸುತ್ತಿಗೆ ಎದ್ದ ಸದ್ದು. ಅಕ್ಕ ತಡಕಾಡಿ ಅದನ್ನೆತ್ತಿದ ಕೈಯನ್ನು ಹಿಡಿದಳು. ತಣ್ಣಗಿತ್ತು. ಬರೀ ಎಲುಬು. ಜೋತುಬಿದ್ದರೂ ತಡೆಯಲಾಗಲಿಲ್ಲ.

ಠಕ್. ಠಕ್. ಠಕ್.

ಹೆಜ್ಜೆಗಳು ನಿಂತವು. ತಿರುಗಿದವು. ಓಡೋಡಿ ಬಂದವು. ಅಜ್ಜಿ ಬೇಡ ಬೇಡವೆಂದು ಚೀರುತ್ತಿದ್ದಳು. ಗೋಡೆಯಾಚೆ, ಅಕ್ಕನ ಮುಖದ ನೇರಕ್ಕೆ, ಕಲ್ಲಿನಿಂದ ಬಡಿದ ಸದ್ದಾಯಿತು.

"ಕೇಳಿಸ್ತು ಅಕ್ಕಾ! ನಿನ್ನ ಬಿಟ್ಟು ಹೋಗಲ್ಲ ಕಣೇ!"