ಮೇಜರ್ ಅಂಕಲ್ ಮರೆತ ಸಾಲು

ಪ್ರೀತಿಸಿದರೂ ಸುಸ್ತಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸ್ಕ್ರಿಪ್ಟ್ ತೊಡೆಯ ಮೇಲಿಟ್ಟುಕೊಂಡು ಸೈಡ್‌ವಿಂಗಿನ ಸ್ಟೂಲಿನಲ್ಲಿ ಕೂತಿದ್ದ, ನಟರು ಮರೆತ ಸಾಲು ಎತ್ತಿಕೊಡುವ ಪ್ರಾಂಪ್ಟರ್, ಪರದೆಯ ಸಂದಿಯಿಂದ ಇಣುಕಿದಳು. ಮೂರನೇ ಸಾಲಿನಲ್ಲಿ ಅವಳ ಅಪ್ಪ, ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಬಿಗಿಯಾಗಿ ಕೂತಿದ್ದರು. ಭಾನುವಾರ ತಮ್ಮದೇ ಚರ್ಚಿನ ಒಂದು ಮನೆಯವರು ಮಗನನ್ನು ಕರೆದುಕೊಂಡು, ಹೆಣ್ಣು ನೋಡಲೆಂದು ಊಟಕ್ಕೆ ಬರುವವರಿದ್ದರು. “ಆಯ್ತು, ಬರಲಿ” ಎಂದು ನಿನ್ನೆ ಅವಳೇ ಒಪ್ಪಿದ್ದಳು. ನಾಟಕ ಮುಗಿದ ಮೇಲೆ, ತಾನು ಪ್ರೀತಿಸಿದ ಬಡಗಿಗೆ ಅದನ್ನು ಹೇಳಿ, ಎಲ್ಲ ಮುಗಿಸಿಬಿಡಬೇಕು.

ಬಡಗಿ ಹಗಲೆಲ್ಲ ಅಂಗಡಿಯಲ್ಲಿ ಕುರ್ಚಿ ಮೇಜು ಮಾಡುತ್ತಾನೆ, ಸಂಜೆ ತಂಡಕ್ಕೆ ಸೆಟ್ ಕಟ್ಟುತ್ತಾನೆ, ಈ ನಾಟಕದಲ್ಲಂತೂ ಮದುಮಗನೇ ಅವನು. ಅವನು ಪ್ರಾಟೆಸ್ಟೆಂಟ್, ಅವಳು ಕಥೋಲಿಕಳು. ಮದುವೆ ನಮ್ಮ ಚರ್ಚಿನಲ್ಲೇ ಆಗಬೇಕೆಂದು ಅವಳ ಅಪ್ಪ, ನಮ್ಮದರಲ್ಲೇ ಎಂದು ಅವನ ಅಮ್ಮ. ಇಬ್ಬರೂ ಹಿಡಿದ ಪಟ್ಟು ಬಿಡುವವರಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತು ನಿಂತು ಇವರಿಬ್ಬರ ಕಾಲು ಸೋತಿದ್ದವು.

ನಾಟಕದ ಕಥೆಯೂ ಅದೇ. ಯಾವ ಕಡೆಯವರನ್ನೂ ಗೇಲಿ ಮಾಡಿದಂತೆ ಕಾಣಬಾರದೆಂದು ನಿರ್ದೇಶಕರು ಪಾತ್ರಗಳನ್ನು ಅದಲುಬದಲು ಮಾಡಿದ್ದರು. ಪ್ರಾಟೆಸ್ಟೆಂಟ್ ಬಡಗಿ ಕಥೋಲಿಕ ಮದುಮಗನಾದ. ಮದುಮಗಳ ಪ್ರಾಟೆಸ್ಟೆಂಟ್ ತಂದೆಯ ಪಾತ್ರ ಮೇಜರ್ ಅಂಕಲ್‌ಗೆ ಬಂತು. ಅಂಕಲ್ ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ, ಮೀಸೆಯಿಂದ ಬಂದ ಹೆಸರದು. ಅವರು ಹುಟ್ಟಾ ಕಥೋಲಿಕರು.

ತಾಪತ್ರಯವೆಲ್ಲ ಕೊನೆಯ ದೃಶ್ಯದ್ದು. ಕಾಯಿಲೆ ಬಿದ್ದ ಮಾವನ ಮಂಚದ ಪಕ್ಕ ಅಳಿಯ ಮೊಣಕಾಲೂರಿ, ಇಬ್ಬರೂ ಯೇಸು ಕಲಿಸಿದ ಪ್ರಾರ್ಥನೆ ಹೇಳಬೇಕು. ಮನೆಯಲ್ಲಿ ಹೇಳುವಾಗ ಕಥೋಲಿಕರು ಕೇಡಿನಿಂದ ಕಾಪಾಡು ಎಂಬಲ್ಲಿಗೆ ಆಮೆನ್ ಎನ್ನುತ್ತಾರೆ. ಪ್ರಾಟೆಸ್ಟೆಂಟರು ನಿಲ್ಲದೆ, ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂದು ಇನ್ನೊಂದು ಸಾಲು ಹೇಳುತ್ತಾರೆ. ನಾಟಕದಲ್ಲಿ ಅಳಿಯ ನಿಲ್ಲಿಸಬೇಕು, ಮಾವ ಆ ಸಾಲನ್ನು ಒಬ್ಬರೇ ಶುರು ಮಾಡಬೇಕು, ಆಗ ಅಳಿಯ ದನಿಗೂಡಿಸಬೇಕು. ಅಲ್ಲಿಗೆ ಎರಡು ಮನೆ ಒಂದಾದಂತೆ.

ಆದರೆ ಅಭ್ಯಾಸದಲ್ಲಿ ಬಡಗಿಯ ನಾಲಗೆ ನಿಂತರೆ ತಾನೆ! ಅದು ಹುಟ್ಟಿನಿಂದ ಓಡಿದ ದಾರಿಯಲ್ಲೇ ಓಡುತ್ತಿತ್ತು. ಅವಳು ವಿಂಗಿನಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಅವನು ಓರೆಗಣ್ಣಲ್ಲಿ ನೋಡುತ್ತಲೇ ಮುಂದುವರಿಯುತ್ತಿದ್ದ.

“ಬೆರಳು ಕಾಣ್ಸಲ್ವಾ ನಿಂಗೆ?”

“ಬೆರಳು ಕಾಣುತ್ತೆ. ಹಿಂದೇನೇ ತುಟಿ ಇದೆಯಲ್ಲ, ಮರ್ತು ಹೋಗುತ್ತೆ.”

ಹೀಗೆ ಎಲ್ಲರ ಕಣ್ಣೂ ಬಡಗಿಯ ಮೇಲಿತ್ತು. ಮೇಜರ್ ಅಂಕಲ್ ಅವನ ಬೆನ್ನಿಗೇ ಆ ಸಾಲು ಹೇಳುತ್ತಿದ್ದರೇ ಹೊರತು ಒಮ್ಮೆಯೂ ತಾವಾಗಿ ಶುರು ಮಾಡಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಇಂದು ಮೊದಲ ಪ್ರದರ್ಶನ. ಬಡಗಿ ಸರಿಯಾದ ಜಾಗದಲ್ಲಿ, ಗೆರೆಗೆ ಸರಿಯಾಗಿ ಮರ ಕೊಯ್ದ ಹಾಗೆ ನಿಲ್ಲಿಸಿದ. ಮೇಜರ್ ಅಂಕಲ್ ಗಟ್ಟಿಯಾಗಿ ಆಮೆನ್ ಅಂದರು, ಜೊತೆಗೆ ಶಿಲುಬೆಯ ಗುರುತೂ ಹಾಕಿಕೊಂಡು ನೆಮ್ಮದಿಯಾಗಿ ದಿಂಬಿಗೊರಗಿದರು.

ಸಭೆ ಕಾಯುತ್ತಿತ್ತು. ಅವಳು ಪಿಸುದನಿಯಲ್ಲಿ ಸಾಲು ಕೊಟ್ಟಳು. ಅಂಕಲ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಬಡಗಿ ತಲೆಯೆತ್ತಿ ವಿಂಗಿನ ಕಡೆ ನೋಡಿದ. ಬಣ್ಣದ ಕೆಳಗೂ ಅವನ ದಣಿವು ಕಾಣುತ್ತಿತ್ತು. ಈ ಮುಖವನ್ನು ಇನ್ನು ನೋಡಬಾರದೆಂದು ತೀರ್ಮಾನಿಸಿದವಳು ತಾನೇ ಎಂದು ಅವಳಿಗೆ ನೆನಪಾಯಿತು.

ಸ್ಕ್ರಿಪ್ಟ್ ತೊಡೆಯಿಂದ ಜಾರಿತು. ಅವಳು ಎದ್ದು ನಿಂತು ಆ ಸಾಲನ್ನು ಬಾಯಿಬಿಟ್ಟು, ಇಡೀ ಸಭೆಗೆ ಕೇಳುವಂತೆ ಹೇಳಿದಳು. ರಾಜ್ಯವೂ ಬಲವೂ ಮಹಿಮೆಯೂ. ಎಲ್ಲೂ ತಡವರಿಸಲಿಲ್ಲ. ಬಡಗಿ ದನಿಗೂಡಿಸಿದ. ಹಿಂದೆಯೇ ಮೇಜರ್ ಅಂಕಲ್ ಬೆಚ್ಚಿಬಿದ್ದು ಸೇರಿಕೊಂಡರು. ಒಳಗಿನಿಂದ ಮದುಮಗಳೇ ಹೇಳಿದಳೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು.

ಮೂರನೇ ಸಾಲಿನಲ್ಲಿ ಕೂತಿದ್ದ ಅಪ್ಪನಿಗೆ ಮಾತ್ರ ಅದು ಯಾರ ದನಿಯೆಂದು ಗೊತ್ತಿತ್ತು.

ಜನ ಕರಗಿದ ಮೇಲೆ ಅಪ್ಪ ರಂಗದ ಹಿಂಬಾಗಿಲಿಗೆ ಬಂದರು. “ಆ ಸಾಲು ಓದಿ ಹೇಳ್ದೆಯಾ?”

“ಇಲ್ಲಪ್ಪ. ಬಾಯಿಗೆ ಬರುತ್ತೆ.”

“ಯಾವಾಗ ಕಲ್ತೆ?”

“ಅವನಮ್ಮ ಆಸ್ಪತ್ರೆಲಿದ್ದಾಗ ಮಧ್ಯಾಹ್ನ ಹೋಗಿ ಕೂತ್ಕೋತಿದ್ದೆ. ಅವರಿಗೆ ಉಸಿರು ಸಾಲ್ತಿರ್ಲಿಲ್ಲ. ಪ್ರಾರ್ಥನೆ ಕೊನೆ ನಾನೇ ಮುಗಿಸ್ತಿದ್ದೆ.”

“ಆಮೇಲೂ ಆಯಮ್ಮ ಒಪ್ಪಲಿಲ್ವಾ?”

“ಇಲ್ಲ.”

“ಭಲೇ ಹೆಂಗಸು,” ಎಂದರು ಅಪ್ಪ. “ನನ್ನಂಥವರೇ.” ನಗಲು ಹೋದರು, ಪೂರ್ತಿ ಆಗಲಿಲ್ಲ. ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. “ನಮ್ಮ ಚರ್ಚಿನ ಪೂಜೆಲೂ ಆ ಮಾತು ಬರುತ್ತಲ್ಲೇ. ಗುರುಗಳು ನಡುವೆ ಒಂದು ಪ್ರಾರ್ಥನೆ ಹೇಳಿ ಮುಗಿಸಿದ ಮೇಲೆ. ನಾವು ಸ್ವಲ್ಪ ತಡವಾಗಿ ಹೇಳ್ತೀವಿ, ಅಷ್ಟೇ.”

ಅವಳು ಸ್ಕ್ರಿಪ್ಟಿನ ಮಡಿಚಿಹೋದ ಅಂಚನ್ನು ನೇರ ಮಾಡಿದಳು.

“ಭಾನುವಾರದವರಿಗೆ ಬರಬೇಡಿ ಅಂತೀನಿ. ಅವನನ್ನ ಊಟಕ್ಕೆ ಕರಿ. ಮೆಚ್ಚಿಬಿಟ್ಟೆ ಅಂತ ಮಾತ್ರ ತಿಳ್ಕೋಬೇಡ. ಜಗಳ ಆಡಿ ಆಡಿ ನನಗೂ ಸಾಕಾಗಿದೆ.” ಅವರು ಮೊಣಕಾಲು ಹಿಡಿದುಕೊಂಡು ಎದ್ದು ಹೊರಟರು.

ಬಡಗಿ ಅರ್ಧ ಬಣ್ಣ ಒರೆಸಿಕೊಂಡು, ತಾನೇ ಮಾಡಿದ ಚರ್ಚಿನ ಬೆಂಚಿನ ಮೇಲೆ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

“ಇವತ್ತು ನಿನ್ನ ಬಿಟ್ಬಿಡೋಣ ಅಂತ ಬಂದಿದ್ದೆ ಕಣೋ.”

“ಗೊತ್ತಿತ್ತು.”

“ಹೇಗೆ?”

“ದಿನಾ ನೀನು ನಂಗೆ ಫ್ಲಾಸ್ಕಲ್ಲಿ ಟೀ ತರ್ತಿದ್ದೆ. ಇವತ್ತು ಕೈ ಬೀಸ್ಕೊಂಡು ಬಂದೆ.” ಅವನು ಒರೆಸುವ ಬಟ್ಟೆ ಮಡಿಸಿಟ್ಟ. “ಈಗೇನು ಮಾಡ್ತೀಯ?”

“ಭಾನುವಾರ ಊಟಕ್ಕೆ ಬರಬೇಕಂತೆ. ಅಪ್ಪ ಹೇಳಿದ್ರು.”

ಅವನ ಕಣ್ಣಂಚಿನ ಕಾಡಿಗೆ ಕರಗಿ ಕೆನ್ನೆಗಿಳಿಯಿತು. “ನಮ್ಮಮ್ಮ ಇನ್ನೂ ಬಾಕಿ ಇದ್ದಾಳಲ್ಲೇ,” ಎಂದ.

“ಇರಲಿ. ಆದ್ರೆ ನಂಗೆ ತುಂಬ ಸುಸ್ತಾಗಿದೆ.”

“ನಂಗೂ. ಸುಸ್ತಾದೋರು ಮದುವೆ ಆಗಬಾರದು ಅಂತ ಯಾವ ಚರ್ಚಲ್ಲಿ ಬರೆದಿದೆ?”

ಅವಳು ಅವನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು. “ಆಮೆನ್,” ಎಂದಳು.

“ಅಲ್ಲಿಗೇ ನಿಲ್ಲಿಸ್ಲಾ, ಮುಂದುವರಿಸ್ಲಾ?”

“ಮುಂದುವರಿಸು,” ಎಂದಳು ಅವಳು.