ಮೇರಿಯ ನೀಲಿ ಸೆರಗು

ಬಜ್ಜಿ ಎಣ್ಣೆಯ ಹೊಗೆ ಕುಡಿದು ಮೇರಿಯ ಮುಖ ಕಂದಿತ್ತು. ಪಕ್ಕದಲ್ಲೇ ವಿಸ್ಕಿ ಬಾಟಲಿಗಳ ಸಾಲು. ಥೂ! ಇಟಲಿಯ ಸಿಯೆನಾ ಊರಿನ ಏಳು ಶತಮಾನ ಹಳೆಯ ಮಾತೆ ಮೇರಿಯ ಚಿತ್ರ, ಹಾಫ್‌ಮನ್ ಎಸ್ಟೇಟ್ಸ್ ಊರಿನ ರೇಡಿಯಾಲಜಿಸ್ಟ್ ಸುದೀಪನ ಬೇಸ್‌ಮೆಂಟ್ ಬಾರಿನಲ್ಲಿ! ಅದರ ಮೇಲೆ ಅವನು ರೂಮ್ ಫ್ರೆಶ್ನರ್ ಹೊಡೆಯುವುದನ್ನು ಕಂಡು ದ್ವಾರಕಾನಾಥ ಮುಖ ತಿರುಗಿಸಿದ. ಹಳೆಯ ಚಿತ್ರಗಳನ್ನು ಸರಿಪಡಿಸುವುದೇ ಅವನ ಕಸುಬು.

"ಇವ್ರು ನಮ್ಮ ಪೇಂಟಿಂಗ್ ರಿಪೇರಿಯವ್ರು," ಎಂದು ಸುದೀಪ್ ಅತಿಥಿಗಳಿಗೆ ಪರಿಚಯಿಸಿದ. "ಸ್ವಲ್ಪ ಕ್ಲೀನ್ ಮಾಡ್ಕೊಡಿ ಸಾರ್, ಫಳಫಳ ಅನ್ಬೇಕು. ಮ್ಯೂಸಿಯಂ ಎಕ್ಸಿಬಿಷನ್‌ಗೆ ಕೊಡ್ತಿದೀನಿ."

ಫಳಫಳವಂತೆ! ಇಂಥವನಿಗೆ ನಕಲೇ ಸಾಕು. ಅಸಲು ತನ್ನಲ್ಲೇ ಉಳಿಯಲಿ ಎಂದುಕೊಂಡು ದ್ವಾರಕಾನಾಥ ಚಿತ್ರವನ್ನು ಮನೆಗೆ ಒಯ್ದ.

ಸಿಯೆನಾದ ಚಿತ್ರಕಾರರ ಸಂಘದ ಕಟ್ಟಳೆ ಅವನಿಗೆ ಬಾಯಿಪಾಠ: ಬೆರಕೆ ಚಿನ್ನ ಹಚ್ಚಕೂಡದು, ಲಾಪಿಸ್ ಕಲ್ಲಿನ ನೀಲಿಯೆಂದು ಹೇಳಿ ಅಗ್ಗದ ನೀಲಿ ಬಳಿಯಕೂಡದು. ಕಳ್ಳತನದಲ್ಲೂ ಅವನು ಆ ಕಟ್ಟಳೆ ಮೀರಲಿಲ್ಲ. ವುಡ್‌ರಿಡ್ಜ್‌ನ ತನ್ನ ಗ್ಯಾರೇಜಿನಲ್ಲಿ ನಕಲಿಗೆಂದು ಇಟಲಿಯ ಹಳೇ ಪೆಟ್ಟಿಗೆಯ ಹಲಗೆ ಬಿಚ್ಚಿದ. ಮೊಲದ ಚರ್ಮದ ಅಂಟು ಕುದಿಸುವಾಗ ವಾಕರಿಕೆ ಬಂದರೂ ಮೂಗು ಮುಚ್ಚಿಕೊಂಡು ಕಲಕಿ, ಬಿಳಿ ಪದರ ಬಳಿದ.

ಶುಕ್ರವಾರ ಸ್ನಾನ ಮಾಡಿ, ಕೈಮುಗಿದು, ಎಲ್ಲ ಕೆಲಸದಂತೆ ಇದನ್ನೂ ಶುರುಮಾಡಿದ. ಮೊದಲು ಇದ್ದಿಲಿನ ಗೆರೆ. ಬಣ್ಣದಡಿಯ ಗೆರೆಗಳನ್ನು ಮ್ಯೂಸಿಯಂನವರು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುತ್ತಾರೆ. ನೋಡಲಿ, ಸಿಯೆನಾದ ಕೈಯೇ ಕಾಣಲಿ! ಅದರ ಮೇಲೆ, ಹಲಗೆಯ ಮೇಲ್ತುದಿ ಮುಟ್ಟುವ, ಮೇರಿಯ ತಲೆ ಮೇಲಿನ ಸೆರಗಿಗೆ, ಶುದ್ಧ ಲಾಪಿಸ್.

ನಕಲನ್ನು ಕಂಡು ಸುದೀಪ್ "ಸೂಪರ್!" ಎಂದು ಬೆನ್ನು ತಟ್ಟಿದ. ದಿನವಿಡೀ ಎಕ್ಸ್‌ರೇ ನೋಡುವವನಿಗೆ ಇಷ್ಟೂ ಕಾಣದೇ? ಹೇಸಿಗೆ. ಮನೆಗೆ ಬಂದು ದ್ವಾರಕಾನಾಥ ಅಂಗಿಯನ್ನೇ ಒಗೆಯಲು ಹಾಕಿದ. ಅವನ ಮಲಗುವ ಕೋಣೆಯಲ್ಲಿ ಅಸಲು ಮೇರಿ ಹೊಗೆಯಿಲ್ಲದೆ ನಗುತ್ತಿದ್ದಳು.

ಎಕ್ಸಿಬಿಷನ್‌ಗೆ ಮುಂಚೆ ಸುದೀಪ್ ಫೋನ್ ಮಾಡಿದ. "ಸಾರ್, ಮ್ಯೂಸಿಯಂನವ್ರು ಸ್ಕ್ಯಾನ್ ಕಳ್ಸಿದಾರೆ. ಲಾಪಿಸ್ ನೀಲಿ ಅವ್ರ ಇನ್‌ಫ್ರಾರೆಡ್ ಕ್ಯಾಮೆರಾಗೆ ಗಾಜಿದ್ದ ಹಾಗಂತೆ, ಅಡಿಯಲ್ಲಿರೋದೆಲ್ಲ ಕಾಣುತ್ತಂತೆ. ಮೇಲ್ಗಡೆ ನಡುವೆ ಒಂದು ಗುರುತಿದೆ. ಸಿಯೆನಾ ಸಂಘದ ಮುದ್ರೆ ಇರ್ಬೇಕು ಅಂತ ಕುಣೀತಿದಾರೆ, ಪಾಪ." ಅವನ ದನಿ ತಣ್ಣಗಿತ್ತು. "ಅವ್ರಿಗೆ ಓದೋಕೆ ಬರಲ್ಲ. ನಂಗೆ ಬರುತ್ತಲ್ಲ ಸಾರ್." ಫೋನಿಗೆ ಚಿತ್ರ ಬಂತು. ಮೇರಿಯ ನೆತ್ತಿಯ ಮೇಲೆ, ಇದ್ದಿಲಿನಲ್ಲಿ, ಒಂದನೇ ಕ್ಲಾಸಿನಿಂದ ಪ್ರತಿ ಹಾಳೆಯ ತಲೆಯಲ್ಲೂ ದ್ವಾರಕಾನಾಥನ ಕೈ ತಾನಾಗಿಯೇ ಬರೆಯುತ್ತ ಬಂದದ್ದು: ಶ್ರೀ.