ಅವನು ಹತ್ತದೆ ಹೋದ ಹಡಗು

"ಆ ಪಟ್ಟಿ ಬಿಚ್ಚಿ ಮೊದಲು. ನಮ್ಮ ನ್ಯಾನ್ ಎಲ್ಲಿಗೂ ಹಾರಲ್ಲ."

ಪ್ಯಾರಾಗ್ಲೈಡಿಂಗ್‌ಗಾಗಿ ಗುಡ್ಡದ ನೆತ್ತಿಯಲ್ಲಿ ಸಾಲಾಗಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಏದುಸಿರು ಬಿಡುತ್ತ ಓಡಿ ಬಂದ ಐಲ್ಸಾ, ತನ್ನ ಅಜ್ಜಿಯ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಿದ್ದಳು.

ಅವನು ಕೈ ಕೊಸರಲಿಲ್ಲ. ಬಿಸಿಲಿಗೆ ಕಂದಿದ ಅಗಲ ಮುಖ, ಕಣ್ಣಂಚಿನಲ್ಲಿ ನಗು.

"ಬಿಚ್ತೀನಿ. ಆದ್ರೆ ನೀವು ನನ್ನ ಕೈ ಬಿಟ್ರೆ ತಾನೇ?"

ಐಲ್ಸಾ ಬೆಂಕಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡಳು.

"ನಾಚಿಕೆ ಆಗಲ್ವಾ ನಿಮಗೆ? ಎಪ್ಪತ್ತೆಂಟು ವರ್ಷದ ಮುದುಕಿಯನ್ನ ಗಾಳಿಗೆ ಎಸೀತೀರಲ್ಲ..."

"ಯಾರೇ ಮುದುಕಿ?" ಅಜ್ಜಿ ಎಫಿ ಹೆಲ್ಮೆಟ್ಟಿನೊಳಗಿಂದಲೇ ಗದರಿದಳು. "ಐವತ್ತು ವರ್ಷ ನಮ್ಮೂರು ಬ್ಲಫ್‌ನ ಶೆಡ್ಡಲ್ಲಿ ತಲೆ ಬಗ್ಗಿಸಿ ಸಮುದ್ರದ ಸಿಂಪಿ ಒಡೆದಿದ್ದೀನಿ. ಒಂದ್ಸಲ ಮೇಲಿಂದ ಕೆಳಗೆ ನೋಡ್ಬೇಕು ಅಂತ ಆಸೆ. ನಿನಗ್ಯಾಕೆ ಹೊಟ್ಟೆ ಉರಿ?"

"ನ್ಯಾನ್, ಕಾಫಿ ಕುಡಿದು ಬರ್ತೀನಿ ಅಂತ ಸುಳ್ಳು ಹೇಳಿ ಬಂದಿದ್ದೀಯ."

"ಕಾಫಿನೂ ಕುಡಿದೆ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಐಲ್ಸಾಳಿಗೆ ಅಳು ಬರುವ ಹಾಗಾಯಿತು. ಆರು ವರ್ಷದವಳಿದ್ದಾಗ ಅಮ್ಮನನ್ನು ಕಳೆದುಕೊಂಡ ಮೇಲೆ ಅವಳಿಗೆ ಊಟ, ಶಾಲೆ, ಜ್ವರದ ರಾತ್ರಿ ಎಲ್ಲವೂ ಈ ಹೆಂಗಸೇ. ಇವಳಿಗೇನಾದರೂ ಆದರೆ...

ಅಷ್ಟರಲ್ಲಿ ಆ ಗಂಡಸು ಗಾಳಿಯ ದಿಕ್ಕು ತೋರುವ ಕಂಬದ ತುದಿಯ ಪಟ್ಟೆಬಟ್ಟೆಯನ್ನು ಒಂದು ನಿಮಿಷ ದಿಟ್ಟಿಸಿದ. ಆಮೇಲೆ ಬಾಗಿ, ಒಂದೊಂದಾಗಿ ಪಟ್ಟಿಗಳನ್ನು ಬಿಚ್ಚತೊಡಗಿದ.

"ಕುಯಿ, ಇವತ್ತು ಬೇಡ. ಗಾಳಿ ತಿರುಗಿದೆ. ನನಗೆ ಸರಿ ಅನ್ನಿಸ್ತಿಲ್ಲ," ಎಂದ. ಮಾವೋರಿಗಳು ಮನೆಯ ಹಿರಿಯ ಹೆಂಗಸನ್ನು ಕರೆಯುವ ಹಾಗೆ ಕರೆದಿದ್ದ.

ಐಲ್ಸಾ ಜಗಳಕ್ಕೆ ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು. ಈಗ ಅವುಗಳ ಅಗತ್ಯವೇ ಇರಲಿಲ್ಲ.

ಅವನ ಹೆಸರು ರಾವಿರಿ. ಹನ್ನೊಂದು ವರ್ಷದಿಂದ ಕ್ವೀನ್ಸ್‌ಟೌನ್‌ನ ಗುಡ್ಡದಿಂದ ಜನರನ್ನು ತನ್ನ ಎದೆಗೆ ಕಟ್ಟಿಕೊಂಡು ಹಾರುತ್ತಿದ್ದವನು.

ಗಾಳಿ ಮೂರು ದಿನ ಹಟ ಹಿಡಿಯಿತು. ಮೂರು ದಿನವೂ ಎಫಿ ಬೆಳಗ್ಗೆ ಎಂಟಕ್ಕೆಲ್ಲ ಬೂಟು ಕಟ್ಟಿ, ಐಲ್ಸಾಳನ್ನೂ ಕರೆದುಕೊಂಡು ಬಂದು ಸರೋವರದ ದಂಡೆಯ ಬೆಂಚಿನಲ್ಲಿ ಕೂರುವಳು. ರಾವಿರಿ ಬಂದು, "ಇವತ್ತೂ ಇಲ್ಲ ಕುಯಿ," ಎನ್ನುವನು. ಹಾಗೆಂದು ಹೊರಟುಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಮೂವರಿಗೂ ಬಿಸಿ ಮಾಂಸದ ಪೈ ತಂದು, ಬೆಂಚಿನ ತುದಿಯಲ್ಲಿ ಕೂತು, ಹಾರುವಾಗ ತನ್ನ ಕಿವಿ ಹರಿಯುವಂತೆ ಕಿರುಚಿದವರ ಕಥೆ ಹೇಳುವನು.

"ಒಬ್ಬ ಮದುವೆ ಗಂಡು ಮೇಲೆ ಹೋದ ಮೇಲೆ, ನನಗೆ ಮದುವೆನೇ ಬೇಡ, ಕೆಳಗಿಳಿಸು ಅಂತ ಅತ್ತ."

"ಇಳಿಸಿದ್ರಾ?"

"ಇಳಿಸದೆ? ಹುಡುಗಿ ಕೆಳಗೇ ನಿಂತಿದ್ಲು. ಸೀದಾ ಅವಳ ಮುಂದೆ ಇಳಿಸಿದೆ."

ಐಲ್ಸಾ ನಕ್ಕಳು. ತಾನು ಹೀಗೆ ನಕ್ಕು ಎಷ್ಟು ದಿನವಾಗಿತ್ತು? ಅವಳೂ ಬ್ಲಫ್‌ನ ಕಥೆ ಹೇಳಿದಳು. ಅಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲೇ ದೋಣಿ ಹತ್ತುತ್ತವೆ, ದೋಣಿಯಲ್ಲಿ ಹೊಟ್ಟೆ ತೊಳೆಸಿದವನಿಗೆ ಊರಲ್ಲಿ ಹೆಣ್ಣು ಸಿಗುವುದಿಲ್ಲ ಎಂದಳು. ರಾವಿರಿ ಯಾಕೋ ಆ ಮಾತಿಗೆ ನಗಲಿಲ್ಲ. ಪೈ ತಿನ್ನುವುದರಲ್ಲಿ ಮಗ್ನನಾದ.

ನಾಲ್ಕನೆಯ ಬೆಳಗ್ಗೆ ಗಾಳಿ ಹದಕ್ಕೆ ಬಂತು. ಗುಡ್ಡದ ಮೇಲೆ ರಾವಿರಿ ಐಲ್ಸಾಳನ್ನು ಪಕ್ಕಕ್ಕೆ ಕರೆದ.

"ಕುಯಿ ಒಪ್ಪಿದ್ದಾರೆ. ಗಾಳಿನೂ ಒಪ್ಪಿದೆ. ನೀವು ಬೇಡ ಅಂದ್ರೆ ಬೇಡ. ನಿಮಗೆ ಅವರೊಬ್ರೇ ಅಂತ ನಂಗೆ ಗೊತ್ತು."

ಅವಳು ಅದನ್ನು ಅವನಿಗೆ ಹೇಳಿರಲಿಲ್ಲ. ಮೂರು ದಿನದಲ್ಲಿ ಅವನು ತಾನೇ ಕಂಡುಕೊಂಡಿದ್ದ.

"ಕರ್ಕೊಂಡು ಹೋಗಿ... ಹಾಗೇ ವಾಪಸ್ ತನ್ನಿ," ಎಂದಳು.

ಗುಡ್ಡ ಇಳಿದು ಬಂದು, ಕೆಳಗಿನ ಮೈದಾನದಲ್ಲಿ ನಿಂತು ಆಕಾಶ ನೋಡಿದ ಆ ಕಾಲು ಗಂಟೆ ಅವಳ ಬದುಕಿನಲ್ಲೇ ಉದ್ದವಾದದ್ದು. ಕಿತ್ತಳೆ ಬಣ್ಣದ ರೆಕ್ಕೆ ಸುತ್ತಿ ಸುತ್ತಿ ಇಳಿಯಿತು. ಎಫಿ ಹುಲ್ಲಿನ ಮೇಲೆ ದೊಪ್ಪನೆ ಕುಂಡೆಯೂರಿ ಕುಳಿತವಳು ಏಳಲೇ ಇಲ್ಲ.

"ನ್ಯಾನ್, ಏನಾಯ್ತು?"

"ಏನೂ ಆಗಿಲ್ಲ ಕಣೇ. ಇನ್ನೊಂದ್ಸಲ ಹೋಗೋದಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅಂತ ಇವನನ್ನ ಕೇಳು."

ಐಲ್ಸಾಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿ, ರಾವಿರಿಯ ಜಾಕೆಟ್ಟಿಗೆ ಮುಖ ಒತ್ತಿಬಿಟ್ಟಳು. ಅವನ ಕೈ ಮೆಲ್ಲಗೆ ಅವಳ ಬೆನ್ನ ಮೇಲೆ ಬಂತು.

"ನಾಳೆ ಸಂಜೆ ಹಡಗಿನಲ್ಲಿ ಊಟ, ನನ್ನ ಲೆಕ್ಕದಲ್ಲಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಆಚೆ ದಡಕ್ಕೆ ಹೋಗೋ ಆ ಹಳೇ ಉಗಿ ಹಡಗಿದೆಯಲ್ಲ, ಅದರಲ್ಲಿ. ಬರ್ತೀರಾ?"

ರಾವಿರಿ ನೀರಿನ ಕಡೆ ನೋಡಿದ. ಆಮೇಲೆ ಅವಳ ಕಡೆ ನೋಡಿದ.

"...ಬರ್ತೀನಿ."

ಮಾರನೆಯ ಸಂಜೆ ಐಲ್ಸಾ ಹಡಗಿನ ಕಟಾಂಜನಕ್ಕೆ ಒರಗಿ ಕಾದಳು. ಹಸಿರು ಅಂಗಿ ಹಾಕಿದ್ದಳು. ಎಫಿ ಅವಳ ಕೂದಲನ್ನು ಎರಡು ಸಲ ಬಿಚ್ಚಿ ಕಟ್ಟಿದ್ದಳು.

ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಬಾಚಿದ ತಲೆ. ಕಟ್ಟೆಯ ತುದಿವರೆಗೂ ಬಂದು, ಹಡಗು ಹತ್ತುವ ಏಣಿಹಲಗೆಯ ಮುಂದೆ ನಿಂತ. ಐಲ್ಸಾ ಕೈ ಎತ್ತಿದಳು.

ರಾವಿರಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೊಂದು. ಆಮೇಲೆ ಬೆನ್ನು ತಿರುಗಿಸಿ, ಬಿರಬಿರನೆ ನಡೆದು ಜನರ ನಡುವೆ ಮರೆಯಾದ.

ಹಡಗು ಶಿಳ್ಳೆ ಹಾಕಿತು.

ದಿನಾ ಹತ್ತು ಜನ ಹುಡುಗಿಯರು ಇವನ ಎದೆಗೊರಗಿ ಹಾರುತ್ತಾರೆ. ನಾನು ಹನ್ನೊಂದನೆಯವಳು, ಅಷ್ಟೇ... ಎಂಥ ದಡ್ಡಿ ನಾನು, ಎಂದುಕೊಂಡಳು ಐಲ್ಸಾ.

"ಏನೋ ಕಾರಣ ಇರ್ಬೇಕು," ಎಂದಳು ಎಫಿ ಹಡಗಿನ ಊಟದ ಮೇಜಿನಲ್ಲಿ, ಅವನ ಪಾಲಿನ ಕುರಿಮಾಂಸವನ್ನೂ ತನ್ನ ತಟ್ಟೆಗೆ ಎಳೆದುಕೊಳ್ಳುತ್ತ.

"ಕಾರಣ ನಂಗೆ ಗೊತ್ತು ನ್ಯಾನ್. ನಾಳೆ ಹತ್ತೂವರೆ ಬಸ್ಸಿಗೆ ಊರಿಗೆ ಹೋಗೋಣ."

ಬೆಳಗ್ಗೆ ಪೆಟ್ಟಿಗೆ ಕಟ್ಟುವಾಗ ಅವಳಿಗೆ ತಡೆಯಲಾಗಲಿಲ್ಲ. ಕೇಳದೆ ಹೋದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಹೋಗುತ್ತೇನೆಂದು ದಂಡೆಯುದ್ದಕ್ಕೂ ನಡೆದಳು.

ಬಾಡಿಗೆ ದೋಣಿಗಳ ಕಟ್ಟೆಯ ಹತ್ತಿರ ಅವಳ ಕಾಲು ನಿಂತುಹೋಯಿತು.

ಪೆಡಲ್ ತುಳಿದು ನಡೆಸುವ ಹಳದಿ ದೋಣಿಯೊಂದರಲ್ಲಿ ರಾವಿರಿ ಕೂತಿದ್ದ. ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ಟು ಹಾಕಿಕೊಂಡಿದ್ದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ದೋಣಿ ಇನ್ನೂ ಗೂಟಕ್ಕೇ ಕಟ್ಟಿತ್ತು.

"ಏಳು ಗಂಟೆಗೇ ಬಂದಿದ್ದಾನೆ," ಎಂದಳು ದೋಣಿ ಬಾಡಿಗೆಗೆ ಕೊಡುವ ಕಾಲೀನ್. "ಹಗ್ಗ ಬಿಚ್ಚೋದಕ್ಕೆ ಮಾತ್ರ ಬಿಡ್ತಿಲ್ಲ. ಎರಡು ಸಲ ವಾಂತಿನೂ ಆಯ್ತು. ನಿಮಗೆ ಪರಿಚಯ ಇದ್ರೆ ಸ್ವಲ್ಪ ಎಬ್ಬಿಸಿಕೊಂಡು ಹೋಗ್ರಮ್ಮ."

ರಾವಿರಿ ತಲೆ ಎತ್ತಿದ. ಅವಳನ್ನು ಕಂಡು ಕಣ್ಣು ಮುಚ್ಚಿಕೊಂಡ.

"ನೀನು ನೋಡ್ಬಾರ್ದಿತ್ತು."

"ನಿನ್ನೆ ಯಾಕೆ ಹಾಗೆ ಹೋದೆ?" ಜಗಳದ ದನಿ ಅವಳಿಗೆ ಹೊರಡಲೇ ಇಲ್ಲ.

"ಎಂಟು ವರ್ಷದವನಿದ್ದಾಗ ಚಿಕ್ಕಪ್ಪನ ದೋಣಿ ಮಗುಚ್ತು. ಅವರೇ ಎಳೆದು ಹಾಕಿದ್ರು, ಏನೂ ಆಗ್ಲಿಲ್ಲ. ಆದ್ರೆ ಅವತ್ತಿಂದ ನೀರಿನ ಮೇಲೆ ಕಾಲಿಟ್ಟಿಲ್ಲ ನಾನು."

"ಒಂದು ಬಟ್ಟೆ ತುಂಡಿಗೆ ನೇತಾಡ್ಕೊಂಡು ಗುಡ್ಡದಿಂದ ಹಾರ್ತೀಯ..."

"ಗಾಳಿ ನಂಗೆ ಅರ್ಥ ಆಗುತ್ತೆ ಐಲ್ಸಾ. ನೀರು ಆಗಲ್ಲ."

"ಹೇಳ್ಬೋದಿತ್ತಲ್ಲ?"

"ಹೇಗೆ ಹೇಳ್ಲಿ? ಹೊಟ್ಟೆ ತೊಳೆಸಿದವನಿಗೆ ಬ್ಲಫ್‌ನಲ್ಲಿ ಹೆಣ್ಣು ಸಿಗಲ್ಲ ಅಂದೆ ನೀನು."

ಐಲ್ಸಾ ತುಟಿ ಕಚ್ಚಿಕೊಂಡಳು. ತಮಾಷೆಗೆ ಆಡಿದ ಒಂದು ಮಾತನ್ನು ಇವನು ಎದೆಯಲ್ಲಿಟ್ಟುಕೊಂಡು, ಬೆಳಗಿನಿಂದ ಇಲ್ಲಿ ಒಬ್ಬನೇ ಕೂತು...

ಅವಳು ಬೂಟು ಕಳಚಿ, ದೋಣಿಗಿಳಿದು, ಅವನ ಪಕ್ಕ ಕೂತಳು. ದೋಣಿ ವಾಲಾಡಿತು. ರಾವಿರಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಿಚ್ಲಾ?" ಎಂದಳು ಮೆಲ್ಲಗೆ. "ನೀನು ಬೇಡ ಅಂದ್ರೆ ಬೇಡ."

ಅವನು ಹೂಂ ಎಂದು ತಲೆಯಾಡಿಸಿದ.

ಕಾಲೀನ್ ಹಗ್ಗ ಬಿಚ್ಚಿದಳು. ಐಲ್ಸಾ ಇಬ್ಬರ ಪಾಲಿನದನ್ನೂ ತುಳಿದಳು. ಬೆಳಗಿನ ಬಿಸಿಲಿಗೆ ಎದುರಿನ ಬೆಟ್ಟಸಾಲು ಪೂರಾ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು.

"ಕಣ್ಣು ಬಿಡು."

"ದಡ ಎಷ್ಟು ದೂರ ಇದೆ?"

"ಹತ್ತು ಮಾರು."

"ಸುಳ್ಳು."

"ಹೂಂ, ಸುಳ್ಳು. ಆದ್ರೂ ಬಿಡು. ನಾನಿದ್ದೀನಿ."

ಅವನು ಕಣ್ಣು ಬಿಟ್ಟ. ನೀರನ್ನೂ ನೋಡಲಿಲ್ಲ, ಬೆಟ್ಟವನ್ನೂ ನೋಡಲಿಲ್ಲ. ಅವಳನ್ನೇ ನೋಡಿದ.

"ಊರಿಗೆ ಯಾವಾಗ ಹೋಗ್ತೀಯ?"

"ಇವತ್ತು ಹತ್ತೂವರೆ ಬಸ್ಸಿಗೆ ಅಂತಿತ್ತು. ಇಲ್ಲಿಗೆ ಬರೋವಾಗ ನ್ಯಾನ್ ಫೋನ್ ಮಾಡಿದ್ಲು, ಟಿಕೆಟ್ಟನ್ನ ಮುಂದಿನ ವಾರಕ್ಕೆ ಬದಲಾಯಿಸಿದ್ದಾಳಂತೆ. ಕಾಫಿ ಕುಡಿದು ಬರ್ತೀನಿ ಅಂತ ಹೋಗಿದ್ಲು."

ರಾವಿರಿ ನಕ್ಕ. ಸುಣ್ಣದಂತಿದ್ದ ಮುಖಕ್ಕೆ ಸ್ವಲ್ಪ ಸ್ವಲ್ಪವೇ ರಕ್ತ ಬಂತು.

"ಐಲ್ಸಾ... ನಿಮ್ಮೂರಿಗೆ ಬರ್ಬೇಕಾದ್ರೆ ದೋಣಿ ಹತ್ತಲೇಬೇಕಾ?"

"ಬೇಡ. ಬಸ್ಸು ಬರುತ್ತೆ, ಮನೆ ಬಾಗಿಲವರೆಗೂ."

"ಹಾಗಾದ್ರೆ ಬರ್ತೀನಿ." ಅವನು ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹೆಣೆದುಕೊಂಡ. "ಹತ್ತಲೇಬೇಕು ಅಂದಿದ್ರೂ ಬರ್ತಿದ್ದೆ."